ಬೇಡ ಅನ್ನಲು ಕಲಿಸಿದ ಪಿ.ಟಿ. ಮಾಸ್ಟ್ರು

ನಮ್ಮ ಪಿ.ಟಿ. ಮಾಸ್ಟ್ರು ತೀರಿಕೊಂಡ ದಿನ ಅವರ ಅಂಗಳದಲ್ಲಿ ಸೇರಿದ ಜನ ಯಾರೂ ಹೇಳದೆಯೇ ಸಾಲು ಕಟ್ಟಿ ನಿಂತರು. ಗಿಡ್ಡರು ಮುಂದೆ, ಉದ್ದದವರು ಹಿಂದೆ. ಎಂಟನೆಯ ಕ್ಲಾಸಿನಲ್ಲಿ ಅವರು ನನ್ನನ್ನು ನಿಲ್ಲಿಸಿದ್ದು ಮೊದಲ ಸಾಲಿನಲ್ಲಿ. ಐವತ್ತು ದಾಟಿದ ಮೇಲೂ ನನ್ನ ಜಾಗ ಅದೇ. ಪಕ್ಕದಲ್ಲಿ ನನ್ನ ಕ್ಲಾಸಿನವನೇ ಆದ ಒಬ್ಬ ವಕೀಲ ನಿಂತಿದ್ದ. ಕೋರ್ಟಿನಲ್ಲಿ ದೊಡ್ಡ ಹೆಸರು, ಆದರೆ ಎತ್ತರ ನನ್ನದೇ. "ನಾವು ಬೆಳೆಯಲೇ ಇಲ್ಲ ಮಾರಾಯ" ಎಂದು ಕಿವಿಯಲ್ಲಿ ಹೇಳಿದ. ಅಳುವ ಹೊತ್ತಿನಲ್ಲಿ ನನಗೆ ನಗು ಬಂದು, ಅದನ್ನು ಮುಚ್ಚಲು ಕೆಮ್ಮಬೇಕಾಯಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಮೂಡುಬಿದಿರೆಯಲ್ಲಿ ಹೆಚ್ಚಿನವರಿಗೆ ಯಾರೆಂದು ತಿಳಿಯಲಿಕ್ಕಿಲ್ಲ. ಪೋಸ್ಟ್‌ಮ್ಯಾನಿಗೂ ಅವರು ಪಿ.ಟಿ. ಮಾಸ್ಟ್ರೇ. ಹೈಸ್ಕೂಲಿನಲ್ಲಿ ಮೂರು ತಲೆಮಾರಿನ ಮಕ್ಕಳನ್ನು ಓಡಿಸಿ, ಹಾರಿಸಿ, ಬಿಸಿಲಿನಲ್ಲಿ ನಿಲ್ಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮರುದಿನವೇ ಪ್ಯಾಂಟು ಬಿಟ್ಟು ಬಿಳಿ ಮುಂಡು ಉಟ್ಟರು, ಆದರೆ ಕಾಲಿನ ಕ್ಯಾನ್ವಾಸ್ ಶೂ ಮಾತ್ರ ಬಿಡಲಿಲ್ಲ. ಮುಂಡಿನ ಕೆಳಗೆ ಬಿಳಿ ಶೂ ಹಾಕಿಕೊಂಡು ಮೀನು ಮಾರ್ಕೆಟಿಗೆ ಹೋಗುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಮದುವೆ ಮನೆಗೂ ಅದೇ ವೇಷ. ಅವರ ಹೆಂಡತಿ, ನಮಗೆಲ್ಲ ಅಕ್ಕ, ಚಪ್ಪಲಿ ಕೊಂಡು ತಂದು ಸೋತು, ಕೊನೆಗೆ ಆ ಶೂಗಳನ್ನು ತೊಳೆದು ಬಿಸಿಲಿಗೆ ಇಡುವ ಕೆಲಸವನ್ನು ತಾವೇ ವಹಿಸಿಕೊಂಡರು.

ಅವರ ಓಣಿಯ ಬಾಯಲ್ಲೇ ನನ್ನ ಪ್ರಿಂಟಿಂಗ್ ಪ್ರೆಸ್ಸು. ಹಾಗಾಗಿ ಶಾಲೆ ಬಿಟ್ಟ ಮೇಲೂ ಅವರಿಂದ ನನಗೆ ಬಿಡುಗಡೆ ಇರಲಿಲ್ಲ. ಬೆಳಿಗ್ಗೆ ನಡೆಯಲು ಹೊರಟವರು ಪ್ರೆಸ್ಸಿನ ಎದುರು ನಿಂತು, ಕುರ್ಚಿಯಲ್ಲಿ ಕುಳಿತ ನನ್ನ ಬೆನ್ನನ್ನು ನೋಡುತ್ತಿದ್ದರು. ನೋಡಿದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮಾಸ್ಟ್ರದು ಒಂದು ಕ್ರಮ: ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತುಳು. ನಮ್ಮ ಕಡೆಯ ಮೇಷ್ಟರುಗಳೆಲ್ಲ ಹೆಚ್ಚುಕಡಿಮೆ ಹೀಗೇ, ಆದರೆ ಇವರದು ಬಹಳ ಖಡಕ್ಕು. ಮೈದಾನದಲ್ಲಿ "ತಾವು ಯಾವ ಕಾರಣಕ್ಕಾಗಿ ತಡವಾಗಿ ಆಗಮಿಸಿದಿರಿ?" ಎಂದು ಕೇಳಿದರೆಂದರೆ ಹುಡುಗ ಅಂದಿಗೆ ಮುಗಿದ. ಅದೇ ಹುಡುಗ ಬಿದ್ದು ಮೊಣಕಾಲು ಒಡೆದುಕೊಂಡರೆ ತುಳುವಿನಲ್ಲಿ ಗದರುತ್ತ, ಗಾಯ ತೊಳೆದು, ತಮ್ಮ ಟವೆಲನ್ನೇ ಹರಿದು ಕಟ್ಟುತ್ತಿದ್ದರು. ಅಕ್ಕನ ಹತ್ತಿರ ಅವರು ಕನ್ನಡ ಮಾತಾಡಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಅಂದು ಅಕ್ಕ ಅವರ ಶೂ ಯಾರಿಗೋ ದಾನ ಮಾಡಿದ್ದರು.

ಅವರ ಮೂಲ ಮನೆ ಮಡಂತ್ಯಾರು. ಬೆಳ್ತಂಗಡಿಯಲ್ಲಿ ವಾಲಿಬಾಲ್ ಪಂದ್ಯ ಇದ್ದರೆ ನಮ್ಮನ್ನು ಹತ್ತಿರದ ದಾರಿಯಲ್ಲಿ ಕರೆದೊಯ್ಯದೆ ಬಂಟ್ವಾಳದ ದಾರಿಯಾಗಿ ಸುತ್ತಿಸುತ್ತಿದ್ದರು. ಕಾರಣ ಇಷ್ಟೇ, ದಾರಿಯಲ್ಲಿ ಅವರ ತಾಯಿ ಇಡೀ ಟೀಮಿಗೆ ಗಂಜಿ, ಚಟ್ನಿ ಮಾಡಿಟ್ಟಿರುತ್ತಿದ್ದರು. ಒಮ್ಮೆ ಮಡಂತ್ಯಾರು ಮುಟ್ಟುವ ಮೊದಲೇ ಬಸ್ಸು ಪಂಕ್ಚರಾಯಿತು. ಟಯರು ಬದಲಿಸುವ ತನಕ ನಾವು ರಸ್ತೆ ಬದಿಯಲ್ಲಿ ಕೈಕಾಲು ಆಡಿಸಬೇಕೆಂದು ಅಪ್ಪಣೆಯಾಯಿತು. ಬಸ್ಸಿನ ಉಳಿದ ಪ್ರಯಾಣಿಕರು ನೋಡಿ ನಗುತ್ತಿದ್ದರು. ಮಾಸ್ಟ್ರು ಅವರತ್ತ ತಿರುಗಿ, "ನಗುವವರು ಕೂಡ ಬರಬಹುದು, ಜಾಗ ಉಂಟು" ಎಂದರು. ಟಯರು ಬಿಗಿಯುವಷ್ಟರಲ್ಲಿ ಕಂಡಕ್ಟರನೂ, ಕೋಳಿ ತಂದಿದ್ದ ಒಬ್ಬ ಅಜ್ಜನೂ ಸಾಲಿನಲ್ಲಿ ಸೊಂಟ ತಿರುಗಿಸುತ್ತಿದ್ದರು. ಕೋಳಿಯನ್ನು ಹಿಡಿದುಕೊಂಡದ್ದು ಮಾಸ್ಟ್ರು.

ಹೊಗಳಿಕೆಯಲ್ಲಿ ಮಾತ್ರ ಅವರದು ಕಂಜೂಸಿ ಕೈ. ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ "ಅಡ್ಡಿಲ್ಲ". ಟೀಮು ಕಪ್ಪು ಗೆದ್ದು ತಂದರೆ ಅಡ್ಡಿಲ್ಲ. ಅಕ್ಕನ ಕೋರಿರೊಟ್ಟಿ ಅಡ್ಡಿಲ್ಲ. ನನ್ನ ಮದುವೆಯ ದಿನ ನನ್ನ ಹೆಂಡತಿಯನ್ನು ನೋಡಿಯೂ "ಹುಡುಗಿ ಅಡ್ಡಿಲ್ಲ" ಎಂದರು. ಶಿವಮೊಗ್ಗದವಳಾದ ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ನಮ್ಮ ಕರಾವಳಿಯಲ್ಲಿ ಅಡ್ಡಿಲ್ಲ ಎಂದರೆ ಚೆನ್ನಾಗಿದೆ ಎಂದೇ ಅರ್ಥ, ಬಾಯಿ ತುಂಬ ಹೊಗಳಿದರೆ ದೃಷ್ಟಿಯಾಗುತ್ತದೆಂದು ಹೀಗೆ ಹೇಳುತ್ತೇವೆ ಎಂದು ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಇದೇ ಪದ ಮುಂದೊಂದು ದಿನ ಇಡೀ ಓಣಿಗೆ ಕುತ್ತು ತರುತ್ತದೆಂದು ಆಗ ಯಾರಿಗೆ ಗೊತ್ತು?

ಆ ಕಥೆ ಹೇಳುವ ಮೊದಲು ಬಾವಿಯ ವಿಷಯ ಹೇಳಬೇಕು. ನಮ್ಮ ಓಣಿಯಲ್ಲಿ ಮನೆಗೊಂದು ಬಾವಿ ಇದೆ, ಆದರೆ ಏಪ್ರಿಲ್ ಬಂದರೆ ಹೆಚ್ಚಿನವು ತಳ ತೋರಿಸುತ್ತವೆ. ನಳ್ಳಿಯ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾಸ್ಟ್ರ ಮನೆಯ ಬಾವಿ ಮಾತ್ರ ಬತ್ತಿದ್ದಿಲ್ಲ. ಮನೆಯ ಹಿಂದೆ ಗೇರುಮರಗಳ ಒಂದು ಗುಡ್ಡೆ. ಮಳೆಗಾಲದ ನೀರನ್ನೆಲ್ಲ ಆ ಗುಡ್ಡೆ ಕುಡಿದಿಟ್ಟುಕೊಂಡು ಬೇಸಗೆಯಲ್ಲಿ ನಿಧಾನವಾಗಿ ಬಾವಿಗೆ ಬಿಡುತ್ತಿತ್ತು. ಬಾವಿಕಟ್ಟೆಗೆ ಬಾಗಿ ನೋಡಿದರೆ ಗುಡ್ಡೆಯ ಬದಿಯ ಕೆಂಪುಕಲ್ಲಿನ ಸಂದಿನಿಂದ ಒಸರು ಇಳಿಯುವುದು ಕಾಣುತ್ತಿತ್ತು. ಬೇಸಗೆಯಿಡೀ ಅವರ ಗೇಟಿಗೆ ಚಿಲಕ ಹಾಕುವ ಕ್ರಮ ಇರಲಿಲ್ಲ. ಕೊಡಪಾನ ಹಿಡಿದು ಯಾರು ಬೇಕಾದರೂ ಬರಬಹುದು. ಒಂದೇ ಶರತ್ತು, ಮಾಸ್ಟ್ರು ಹೇಳಿದ ಭಂಗಿಯಲ್ಲಿ ನೀರು ಸೇದಬೇಕು.

"ಸೊಂಟ ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ" ಎಂದು ಕುರ್ಚಿ ಹಾಕಿ ಕುಳಿತು ಹೇಳುತ್ತಿದ್ದರು.

ಪಕ್ಕದ ಮನೆಯ ಗುಲಾಬಿಯಕ್ಕ ಹಗ್ಗ ಎಳೆಯುತ್ತಲೇ ಉತ್ತರ ಕೊಡುತ್ತಿದ್ದರು. "ನನಗೆ ಎಪ್ಪತ್ತು ಕಳೆಯಿತು ಮಾಸ್ಟ್ರೇ. ಇನ್ನು ನನ್ನನ್ನು ಯಾವ ಒಲಿಂಪಿಕ್ಸಿಗೆ ಕಳಿಸ್ತೀರಿ?"

"ಒಲಿಂಪಿಕ್ಸಿನಲ್ಲಿ ಸೋತರೆ ಮನೆಗೆ ಬರಬಹುದು. ಸೊಂಟ ಹಿಡಿದರೆ ಆಸ್ಪತ್ರೆಗೇ. ಉಸಿರು ಬಿಡಿ, ಈಗ ಎಳೆಯಿರಿ."

ಗುಲಾಬಿಯಕ್ಕ ಬಯ್ಯುತ್ತ ಮೊಣಕಾಲು ಬಗ್ಗಿಸುತ್ತಿದ್ದರು. ಓಣಿಯ ಹೆಂಗಸರಿಗೆ ಸೊಂಟ ನೋವು ಕಡಿಮೆ ಎಂದು ಮಾಸ್ಟ್ರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಿಜವೋ ಸುಳ್ಳೋ ನನಗೆ ತಿಳಿಯದು. ಆದರೆ ಬೇಸಗೆಯ ಬೆಳಗುಗಳಲ್ಲಿ ಆ ಅಂಗಳದಿಂದ ಬರುತ್ತಿದ್ದ ರಾಟೆಯ ಸದ್ದು, ನಗು, ಬೈಗುಳ ಕೇಳುತ್ತ ಪ್ರೆಸ್ಸಿನ ಬಾಗಿಲು ತೆರೆಯುವುದು ನನಗೆ ಬಹಳ ಇಷ್ಟವಾಗುತ್ತಿತ್ತು.

ಆ ಗುಡ್ಡೆ ಮಾರಾಟವಾಯಿತು. ಕೊಂಡವನು ಸುಕೇಶ.

ಸುಕೇಶ ತೋಡಾರಿನ ಹುಡುಗ. ಶಾಲೆಯಲ್ಲಿ ನನಗಿಂತ ಬಹಳ ಕೆಳಗಿನ ಕ್ಲಾಸು, ಎತ್ತರದಲ್ಲಿ ಬಹಳ ಮೇಲೆ. ನೆಟ್ಟಿನ ಮೇಲಿಂದ ಅವನು ಹೊಡೆಯುವ ಸ್ಮ್ಯಾಶ್ ನೋಡಲು ಬೇರೆ ಊರಿನವರು ಬರುತ್ತಿದ್ದರು. ಮಾಸ್ಟ್ರು ಅವನನ್ನು ಮನೆಯಲ್ಲೇ ಉಳಿಸಿಕೊಂಡು, ಮೊಟ್ಟೆ ತಿನ್ನಿಸಿ, ಬೆಳಿಗ್ಗೆ ಎಬ್ಬಿಸಿ ಓಡಿಸಿ ಆಟಗಾರನನ್ನಾಗಿ ಮಾಡಿದ್ದರು. ಅವರ ಜಗಲಿಯ ಗೋಡೆಯಲ್ಲಿದ್ದ ಫೋಟೋ ಅವನೊಬ್ಬನದೇ. ಕೊಲ್ಲಿಗೆ ಹೋಗಿ, ಕೆಲಸ ಕಲಿತು, ವಾಪಸು ಬಂದು ಬಿಲ್ಡರ್ ಆದ ಮೇಲೂ ಅವನು ಊರಿಗೆ ಬಂದರೆ ಮೊದಲು ಹತ್ತುತ್ತಿದ್ದುದು ಮಾಸ್ಟ್ರ ಮನೆಯ ಮೆಟ್ಟಿಲು. ಒಳಗೆ ಬಂದು ಅಡುಗೆಮನೆಗೇ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವಷ್ಟು ಸಲಿಗೆ.

ಗುಡ್ಡೆಯಲ್ಲಿ ಹದಿನಾಲ್ಕು ಮಹಡಿಯ ಕಟ್ಟಡ ಬರುತ್ತದೆ, ಕೆಳಗೆ ನೆಲ ಅಗೆದು ಕಾರು ನಿಲ್ಲಿಸಲು ಎರಡು ಮಹಡಿ ಎಂದು ಅವನೇ ಬಂದು ಖುಷಿಯಲ್ಲಿ ಹೇಳಿದ. ಮೇಲಿನ ಹದಿನಾಲ್ಕು ಕೇಳಿ ಮಾಸ್ಟ್ರು ನಕ್ಕರು. ಕೆಳಗಿನ ಎರಡು ಕೇಳಿ ಸುಮ್ಮನಾದರು.

"ಅಷ್ಟು ಆಳ ಅಗೆದರೆ ಒಸರು ಕಡಿದು ಹೋಗ್ತದೆ ಮಗಾ" ಎಂದರು.

"ಇಲ್ಲ ಸಾರ್, ಈಗ ಎಲ್ಲ ಟೆಕ್ನಾಲಜಿ ಉಂಟು. ನೀವು ತಲೆಬಿಸಿ ಮಾಡಬೇಡಿ."

"ನೋಡುವ" ಎಂದರು ಮಾಸ್ಟ್ರು.

ನಮ್ಮೂರಿನಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದು. ಆದರೆ ಅಷ್ಟು ವರ್ಷ ಹೊರಗಿದ್ದು ಬಂದ ಸುಕೇಶನಿಗೆ ಇದು ಮರೆತಿತ್ತೋ, ಮರೆತ ಹಾಗೆ ಮಾಡಿದನೋ, ಒಪ್ಪಿಗೆಯೆಂದೇ ತಿಳಿದು ಕಾಫಿ ಕುಡಿದು ಹೋದ.

ಓಣಿಯವರಲ್ಲಿ ಗುಸುಗುಸು ಶುರುವಾಯಿತು. ಮಾಸ್ಟ್ರೇ ಮುಂದೆ ನಿಂತು ಸಭೆ ಮಾಡಿದರು. "ಉದ್ದದವರ ಮೇಲೆ ನನಗೆ ದ್ವೇಷ ಇಲ್ಲ. ವಾಲಿಬಾಲಿಗೆ ಅವರೇ ಬೇಕು. ಆದರೆ ಉದ್ದದವ ಮುಂದೆ ಬಂದು ನಿಂತರೆ ಹಿಂದಿನ ಗಿಡ್ಡನಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅವ ನಿಂತಲ್ಲಿಂದ ನಮ್ಮ ಕಾಲ ಬುಡದ ನೀರನ್ನೂ ಕುಡಿದರೆ ಏನು ಮಾಡುವುದು?" ಎಂದರು. ಊರಿನ ಬೆಳವಣಿಗೆಯ ಬಗ್ಗೆ ಪತ್ರಿಕೆಗಳಲ್ಲಿ ನಾನು ಓದಿದ ಯಾವ ಲೇಖನಕ್ಕಿಂತಲೂ ಈ ಮಾತು ನನಗೆ ಬೇಗ ಅರ್ಥವಾಯಿತು.

ಒಂದು ಬ್ಯಾನರ್ ಹಾಕುವುದೆಂದು ತೀರ್ಮಾನವಾಯಿತು. ಸುಕೇಶನ ಕಟ್ಟಡದ ಜಾಹೀರಾತು ಅಚ್ಚಾದದ್ದೂ ನನ್ನ ಪ್ರೆಸ್ಸಿನಲ್ಲೇ. ಈಗ ಅದರ ವಿರೋಧದ ಬ್ಯಾನರೂ ನನಗೇ. ಮಾಸ್ಟ್ರು ಪಕ್ಕದಲ್ಲಿ ಕುಳಿತು ಒಂದೊಂದೇ ಪದ ತಿದ್ದಿಸಿದರು. "ವಿರೋಧಿಸುತ್ತೇವೆ" ಎಂಬುದು ಒರಟಾಯಿತೆಂದು "ವಿನಯಪೂರ್ವಕವಾಗಿ ವಿರೋಧಿಸುತ್ತೇವೆ" ಎಂದಾಯಿತು. ಆಮೇಲೂ ಏನೋ ಕಡಿಮೆಯಾದಂತೆ ನೋಡುತ್ತಿದ್ದರು.

"ಕೆಳಗೆ ಸ್ವಾಗತ ಹಾಕಲಿಲ್ಲವಲ್ಲ ಮಾರಾಯ?"

"ಸಾರ್, ಇದು ವಿರೋಧದ ಬ್ಯಾನರ್."

"ಇರಲಿ. ಸ್ವಾಗತ ಇಲ್ಲದ ಬ್ಯಾನರ್ ಮರ್ಯಾದೆ ಅಲ್ಲ."

ಹೀಗಾಗಿ ಓಣಿಯ ಬಾಯಲ್ಲಿ, ಬಹುಮಹಡಿ ಕಟ್ಟಡವನ್ನು ವಿನಯಪೂರ್ವಕವಾಗಿ ವಿರೋಧಿಸುತ್ತೇವೆ, ಸರ್ವರಿಗೂ ಆದರದ ಸ್ವಾಗತ ಎಂಬ ಬ್ಯಾನರ್ ಏರಿತು. ದಾರಿಹೋಕರು ಮೊಬೈಲಿನಲ್ಲಿ ಫೋಟೋ ತೆಗೆದು ಹಂಚಿದರು. ಸುಕೇಶನೂ ನೋಡಿ, ಸ್ವಾಗತವನ್ನು ಮಾತ್ರ ಓದಿದವನಂತೆ ಕೈಮುಗಿದು ಕಾರು ಮುಂದೆ ಬಿಟ್ಟ.

ಆಮೇಲೆ ಸ್ಥಳ ನೋಡಿ ಜನರ ಅಭಿಪ್ರಾಯ ಕೇಳಲು ಒಬ್ಬರು ಆಫೀಸರು ಬಂದರು. ಘಟ್ಟದ ಮೇಲಿನವರು, ಮೈಸೂರು ಕಡೆಯ ಮಾತು, ಬಹಳ ಮರ್ಯಾದಸ್ಥರು. ಗೇರುಮರದ ನೆರಳಿನಲ್ಲಿ ಮೇಜು ಹಾಕಿ ಸುಕೇಶ ತನ್ನ ಕಟ್ಟಡದ ಮಾದರಿಯನ್ನು ಇಟ್ಟಿದ್ದ. ಬೆಂಕಿಪೆಟ್ಟಿಗೆಯಷ್ಟು ಬಾಲ್ಕನಿಗಳು, ಹಸಿರು ಸ್ಪಂಜಿನ ಮರಗಳು, ಕೆಂಪು ಕಾರುಗಳು. ನಮ್ಮವರೆಲ್ಲ ಜಗಳ ಮರೆತು ಸುತ್ತ ನಿಂತು ನೋಡಿದರು. ಆಫೀಸರು ಮಾಸ್ಟ್ರನ್ನು ನೋಡಿ ವಿನಯದಿಂದ ಕೇಳಿದರು.

"ಹೇಗಿದೆ ಸರ್, ಪ್ಲಾನು?"

ಮಾಸ್ಟ್ರು ಬಗ್ಗಿ, ಮೊಣಕಾಲನ್ನೇ ಬಗ್ಗಿಸಿ, ಆ ಪುಟ್ಟ ಮರಗಳನ್ನೂ ಕಾರುಗಳನ್ನೂ ನೋಡಿದರು. ಶಿಷ್ಯನ ಕೈಕೆಲಸ ಅಚ್ಚುಕಟ್ಟಾಗಿತ್ತು. ಬಾಯಿಂದ ಬಂದೇ ಬಿಟ್ಟಿತು: "ಅಡ್ಡಿಲ್ಲ."

ಗುಲಾಬಿಯಕ್ಕನನ್ನು ಕೇಳಿದರು. "ಅಡ್ಡಿಲ್ಲ ಸ್ವಾಮೀ." ಆಟೋ ಇಟ್ಟಿದ್ದ ಇದಿನಬ್ಬ, ಓಣಿಯ ಕೊನೆಮನೆಯವನು, "ಅಡ್ಡಿಲ್ಲ ಸಾರ್, ಚಂದ ಮಾಡಿದ್ದಾರೆ" ಎಂದ. ನಾನೂ ಅದನ್ನೇ ಹೇಳಿದೆ. ಮಾದರಿ ನಿಜಕ್ಕೂ ಅಡ್ಡಿಲ್ಲದ್ದಾಗಿತ್ತು. ವಿರೋಧವನ್ನು ಕೊನೆಗೆ ಕೇಳುತ್ತಾರೆಂದು ನಾವು ಕಾದಿದ್ದೆವು. ಆಫೀಸರು ತಮ್ಮ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು: "ಸ್ಥಳೀಯ ನಿವಾಸಿಗಳನ್ನು ಖುದ್ದಾಗಿ ವಿಚಾರಿಸಲಾಗಿ, ಯಾರಿಂದಲೂ ಅಡ್ಡಿ ಇಲ್ಲವೆಂದು ತಿಳಿಸಿರುತ್ತಾರೆ."

ಮೊದಲು ಬಾಯಿ ತೆರೆದದ್ದು ಮಾಸ್ಟ್ರು.

"ಸರ್, ನಮ್ಮ ಊರಿನಲ್ಲಿ ಅಡ್ಡಿಲ್ಲ ಅಂದರೆ ಅಡ್ಡಿ ಇಲ್ಲ ಅಂತ ಅಲ್ಲ."

"ಮತ್ತೇನು ಸರ್?"

"ಪರವಾಗಿಲ್ಲ ಅಂತ."

"ಪರವಾಗಿಲ್ಲ ಅಂದ್ರೂ ಅದೇ ಅಲ್ವಾ?"

ಮಾಸ್ಟ್ರು ತಲೆ ಕೆರೆದರು. ಆಫೀಸರು ಪಾಪ, ಸಿಟ್ಟಾಗಲಿಲ್ಲ. "ಆಯ್ತು, ನಿಮಗೆ ನಿಜವಾಗ್ಲೂ ಅಡ್ಡಿ ಇದ್ರೆ ಏನಂತ ಹೇಳ್ತೀರಿ?" ಎಂದು ಕೇಳಿದರು.

"ಏನೂ ಹೇಳುವುದಿಲ್ಲ ಸರ್. ಸುಮ್ಮನೆ ಇರ್ತೇವೆ."

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ರೀ!"

"ಅದು ಘಟ್ಟದ ಮೇಲೆ ಇರಬಹುದು. ನಮ್ಮಲ್ಲಿ ಮಾತಾಡದೆ ಕೂತರೆ ಸಿಟ್ಟು ಬಂದಿದೆ ಅಂತ ಲೆಕ್ಕ."

ಆಫೀಸರು ಪೆನ್ನು ಮುಚ್ಚಿದರು. ನಕ್ಕರು ಕೂಡ. ಮುಂದಿನ ವಾರ ಇನ್ನೊಮ್ಮೆ ಬರುತ್ತೇನೆ, ಬೇಕಾದರೆ ಬೇಕು ಎನ್ನಿ, ಬೇಡವಾದರೆ ಬೇಡ ಎನ್ನಿ, ನನಗೆ ಬರೆದುಕೊಳ್ಳಲು ಒಂದು ಪದ ಕೊಡಿ ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಮಾಸ್ಟ್ರ ಅಂಗಳದಲ್ಲಿ ಬೇಡ ಅನ್ನುವ ಕ್ಲಾಸು ಶುರುವಾಯಿತು. ಇದು ನಾನು ಕಟ್ಟಿ ಹೇಳುವ ಕಥೆಯಲ್ಲ. ಗಿಡ್ಡರು ಮುಂದೆ, ಉದ್ದದವರು ಹಿಂದೆ ನಿಂತೆವು. ಕಾಲು ಸ್ವಲ್ಪ ಅಗಲ, ಎದೆ ಮುಂದೆ, ಮೂಗಿನಿಂದ ಉಸಿರು. "ಈಗ ಹೇಳಿ, ಬೇಡ!"

"ಬೇಡ ಬೇಡ" ಎಂದೆವು.

ಮಾಸ್ಟ್ರು ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡರು. ನಮ್ಮೂರಿನವರು ಬಾಯಿಬಿಟ್ಟು ಬೇಡ ಎನ್ನುವುದು ಊಟದ ಎಲೆಯ ಮುಂದೆ ಮಾತ್ರ. ಅಲ್ಲಿಯೂ ಇನ್ನೊಂದು ಸೌಟು ಹಾಕಿ ಎಂಬುದೇ ಅದರ ಅರ್ಥ.

"ಇದು ಪಾಯಸದ ಬೇಡ. ನನಗೆ ಬೇಕಾದದ್ದು ಬಿಲ್ಡಿಂಗಿನ ಬೇಡ. ಹೊಟ್ಟೆಯಿಂದ ಬರಲಿ!"

ವಾರವಿಡೀ ಅಭ್ಯಾಸ ನಡೆಯಿತು. ಇದಿನಬ್ಬ ಎಲ್ಲರಿಗಿಂತ ಮುಂದೆ. ದೂರದ ಬಾಡಿಗೆ ಬೇಡ ಎಂದು ದಿನವೂ ಹೇಳಿ ಅವನಿಗೆ ರೂಢಿ ಇತ್ತು. ಗುಲಾಬಿಯಕ್ಕನ ಬೇಡಕ್ಕೆ ಮಾತ್ರ ಪ್ರತಿ ಸಲವೂ ಒಂದು ನಗು ಅಂಟಿಕೊಂಡು ಬರುತ್ತಿತ್ತು. "ಅಕ್ಕಾ, ನಗು ಒಳಗೆ ಇಟ್ಟು ಬನ್ನಿ" ಎಂದು ಮಾಸ್ಟ್ರು ಬೇಡಿಕೊಂಡರು. ನನ್ನ ಹೆಂಡತಿ ಜಗಲಿಯಲ್ಲಿ ಕುಳಿತು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಬೇಡ ಎಂದರೆ ಬೇಡವೇ, ಅವಳಿಗೆ ಕ್ಲಾಸು ಬೇಕಿರಲಿಲ್ಲ.

ಮಾಸ್ಟ್ರ ಹೆಂಡತಿ, ನಮ್ಮ ಅಕ್ಕ, ಮಾತ್ರ ನಗಲಿಲ್ಲ. ಒಂದು ದಿನ ಎಲ್ಲರೂ ಹೋದ ಮೇಲೆ ಕಾಫಿ ಲೋಟ ಕೊಡುತ್ತ ಅವರು ಗಂಡನಿಗೆ ಹೇಳಿದ್ದನ್ನು ನಾನು ಕೇಳಿದೆ. "ನೀವು ಅವನ ಮುಖಕ್ಕೆ ಬೇಡ ಅಂದರೆ ಹುಡುಗ ಇನ್ನು ಈ ಮೆಟ್ಟಿಲು ಹತ್ತಲಿಕ್ಕಿಲ್ಲ." ಮಾಸ್ಟ್ರು ಗೋಡೆಯ ಫೋಟೋ ನೋಡಿದರು. "ಗೊತ್ತುಂಟು. ಆದರೆ ಬಾವಿ ಹೋದರೆ ಇಷ್ಟು ಜನ ಎಲ್ಲಿಗೆ ಹೋಗುವುದು?" ಎಂದರು. ಆ ಕಾಫಿಯನ್ನು ಅವರು ಕುಡಿಯಲೇ ಇಲ್ಲ. ಅಲ್ಲಿಯವರೆಗೆ ಈ ಗಲಾಟೆಯನ್ನು ಅರ್ಧ ತಮಾಷೆ ಎಂದುಕೊಂಡಿದ್ದ ನಾನು ಮರುದಿನದಿಂದ ಕ್ಲಾಸಿನಲ್ಲಿ ನಗುವುದನ್ನು ಬಿಟ್ಟೆ.

ಆಫೀಸರು ಹೇಳಿದ ದಿನಕ್ಕೆ ಬಂದರು. ಸುಕೇಶನೂ ಬಂದ. ಬಂದವನೇ ಎಲ್ಲರ ಎದುರು ಮಾಸ್ಟ್ರ ಕಾಲು ಮುಟ್ಟಿದ. ಗುಲಾಬಿಯಕ್ಕನ ಹತ್ತಿರ ಹೋಗಿ, "ಈಗ ಆರೋಗ್ಯ ಹೇಗುಂಟು ದೊಡ್ಡಮ್ಮಾ?" ಎಂದು ಕೇಳಿದ. ಒಂದು ವಾರದ ಅಭ್ಯಾಸ ಅಲ್ಲಿಗೇ ಕರಗಿತು. ಆಫೀಸರು ಪೆನ್ನು ತೆರೆದು ಕೇಳಿದಾಗ ಗುಲಾಬಿಯಕ್ಕ ಸೆರಗು ಸರಿಮಾಡಿಕೊಂಡು, "ನೋಡುವ" ಎಂದರು. ಇದಿನಬ್ಬ ತನ್ನ ಆಟೋದ ಚಕ್ರವನ್ನೇ ನೋಡುತ್ತಿದ್ದ. ನನ್ನ ಸರದಿ ಬಂದಾಗ ನನ್ನ ಬಾಯಿಂದ ಬಂದದ್ದು, "ಎಲ್ಲರೂ ಹೇಳಿದ ಹಾಗೆ." ಯಾರೂ ಏನೂ ಹೇಳಿರಲಿಲ್ಲ.

ಮಾಸ್ಟ್ರು ಎದ್ದರು. ಅವರು ಎದ್ದ ಕೂಡಲೇ ಸುಕೇಶ ಅಭ್ಯಾಸಬಲದಿಂದ ನೆಟ್ಟಗೆ ನಿಂತ. ಅವನ ಮುಖ ನೋಡಲು ಮಾಸ್ಟ್ರು ತಲೆ ಎತ್ತಬೇಕಾಯಿತು. ಕನ್ನಡದಲ್ಲಿ ಏನೋ ಬರುತ್ತದೆಂದು ನಾವು ಕಾದೆವು. ಬಂದದ್ದು ತುಳು.

"ಬೊಡ್ಚಿ ಮಗಾ."

ಬೇಡ ಮಗನೇ. ಇಷ್ಟೇ. ಆಮೇಲೆ, ನೀನು ಮನೆ ಕಟ್ಟುವುದು ಬೇಡ ಎನ್ನುವುದಿಲ್ಲ, ನೆಲದಡಿಯ ಆ ಗುಂಡಿ ಬೇಡ, ಗುಡ್ಡೆ ಹೊರಲಾರದಷ್ಟು ಮಹಡಿ ಬೇಡ ಎಂದು ತುಳುವಿನಲ್ಲೇ ಹೇಳಿದರು. ಮನೆಯಲ್ಲಿ ಅವನಿಗೆ ಗಂಜಿ ಬಡಿಸುತ್ತಿದ್ದ ಅದೇ ಮೆತ್ತಗಿನ ಮಾತು.

"ಏನಂದ್ರು?" ಎಂದರು ಆಫೀಸರು.

ಗುಲಾಬಿಯಕ್ಕನ ಮುಖದಲ್ಲಿ ಈಗ ನಗು ಇರಲಿಲ್ಲ. "ಬೇಡ ಅಂದರು ಸ್ವಾಮೀ. ನನಗೂ ಬೇಡ. ಬರೆದುಕೊಳ್ಳಿ" ಎಂದರು. ಇದಿನಬ್ಬ ಬೇಡ ಎಂದ. ನಾನೂ ಎಂದೆ. ಹೊಟ್ಟೆಯಿಂದಲೇ ಬಂತು. ಸುಕೇಶ ಯಾರತ್ತಲೂ ನೋಡದೆ ಕಾರು ಹತ್ತಿ ಹೋದ.

ಕೆಲವು ತಿಂಗಳಲ್ಲಿ ಬೇರೆ ನಕ್ಷೆ ಬಂತು. ನೆಲ ಅಗೆಯುವುದು ಬಿಟ್ಟಿದ್ದರು. ಗುಡ್ಡೆಯ ಅರ್ಧ ಭಾಗ ಗೇರುಮರಗಳಿಗೇ ಉಳಿಯಿತು, ಇನ್ನರ್ಧದಲ್ಲಿ ಐದು ಮಹಡಿ ಎದ್ದಿತು. ಬಾವಿಯ ಒಸರು ಹಾಗೇ ಇತ್ತು. ಓಣಿಯವರು ಗೆದ್ದೆವೆಂದು ಪಾಯಸ ಮಾಡಿದರು. ಮಾಸ್ಟ್ರು ಎರಡು ಚಮಚ ತಿಂದು ಲೋಟ ಇಟ್ಟರು. ಅಕ್ಕ ಹೇಳಿದಂತೆಯೇ ಆಗಿತ್ತು, ಸುಕೇಶ ಆ ಮೆಟ್ಟಿಲು ಹತ್ತಲಿಲ್ಲ. ಕಟ್ಟಡದ ಕೆಲಸ ನೋಡಲು ದಿನವೂ ಬರುತ್ತಿದ್ದ, ಗೇಟಿನ ಎದುರಿಂದಲೇ ಕಾರು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಮಾಸ್ಟ್ರು ಕಾರಿನ ಸದ್ದು ಕೇಳಿದರೆ ಜಗಲಿಗೆ ಬಂದು ನಿಲ್ಲುತ್ತಿದ್ದರು. ದೀಪಾವಳಿಯ ದಿನ ನನ್ನ ಹತ್ತಿರ, "ಅವನು ಬಾರದೆ ಹಬ್ಬ ಅಂತ ಅನಿಸುವುದಿಲ್ಲ ಮಾರಾಯ" ಎಂದು ಬಾಯಿಬಿಟ್ಟೇ ಹೇಳಿದರು.

ಕಟ್ಟಡ ತುಂಬಿ ಜನ ಬಂದ ಮೇಲಿನ ಮೊದಲ ಬೇಸಗೆ. ಫ್ಲಾಟಿನವರು ನಂಬಿದ್ದು ಬೋರ್‌ವೆಲ್ಲನ್ನು. ಏಪ್ರಿಲ್ ಮುಗಿಯುವ ಮೊದಲೇ ಅದರಿಂದ ಗಾಳಿ ಬರತೊಡಗಿತು. ಟ್ಯಾಂಕರಿನವರು ಇವತ್ತು ನಾಳೆ ಎಂದು ಆಟವಾಡಿಸುತ್ತಿದ್ದರು. ಮಕ್ಕಳಿದ್ದ ಮನೆಗಳಲ್ಲಿ ಕುಡಿಯಲೂ ನೀರಿಲ್ಲದೆ ಜನ ಸುಕೇಶನನ್ನು ಹಿಡಿದುಕೊಂಡಿದ್ದರು. ಆ ಬೆಳಿಗ್ಗೆ ನಾನು ಮಾಸ್ಟ್ರ ಅಂಗಳದಲ್ಲೇ ಇದ್ದೆ. ನೀರು ಸೇದುವ ಗದ್ದಲ ಎಂದಿನಂತೆ ನಡೆದಿತ್ತು. ನೋಡಿದರೆ ಗೇಟಿನ ಹೊರಗೆ ಸುಕೇಶ ನಿಂತಿದ್ದ. ಹಿಂದೆ ಬಿಂದಿಗೆ, ಬಕೆಟು, ಕ್ಯಾನು ಹಿಡಿದ ಫ್ಲಾಟಿನವರು. ಹಿಂದೆ ಇದೇ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದವನು ಈಗ ಚಿಲಕವಿಲ್ಲದ ಗೇಟನ್ನು ದೂಡಲಾರದೆ ನಿಂತಿದ್ದ.

ರಾಟೆ ನಿಂತಿತು. ಅಕ್ಕ ಒಳಗಿಂದ ಬಂದು ಬಾಗಿಲಲ್ಲಿ ನಿಂತರು. ಮಾಸ್ಟ್ರು ಕುರ್ಚಿಯಿಂದ ಎದ್ದು ಹೋಗಿ ತಾವೇ ಗೇಟು ಎಳೆದರು.

"ಬಲ" ಎಂದರು. ಬಾ ಎಂದು. ಅವನ ತೋಳು ಹಿಡಿದು ಬಾವಿಯ ಹತ್ತಿರ ತಂದು ಹಗ್ಗವನ್ನು ಕೈಯಲ್ಲಿಟ್ಟರು.

ಸುಕೇಶ ಅಂಗಿಯ ತೋಳು ಮಡಚಿ ಸೇದಿದ. ಮೊದಲ ಕೊಡಪಾನ ಮೇಲೆ ಬಂದಾಗ ಅದರಲ್ಲಿ ನೀರು ತುಂಬಿ ತುಳುಕುತ್ತಿತ್ತು. ಅವನ ಕಣ್ಣೂ ತುಂಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಸಾರ್, ಅವತ್ತು ನಾನು..." ಎಂದು ಏನೋ ಹೇಳಹೊರಟ.

ಮಾಸ್ಟ್ರು ಪೂರ್ತಿ ಹೇಳಲು ಬಿಡಲಿಲ್ಲ. "ಅವತ್ತು ನಾನು ಬೇಡ ಅಂದದ್ದು ಇದಕ್ಕೇ ಮಗಾ. ನಾಳೆ ನಿನ್ನ ಜನರಿಗೂ ನೀರು ಬೇಕಲ್ಲ" ಎಂದರು.

ಸುಕೇಶ ಕೊಡಪಾನವನ್ನು ಎಲ್ಲರಿಗಿಂತ ಮುಂದೆ ನಿಂತಿದ್ದ ಹೆಂಗಸಿನ ಬಿಂದಿಗೆಗೆ ಬಗ್ಗಿಸಿ, ಮತ್ತೆ ಬಾವಿಗೆ ಇಳಿಸಿದ.